ಮಾತು ಕೇಳದ ಹುಡುಗ

ಮೊನ್ನೆ ನಮ್ಮ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಒಬ್ಬ ತಾಯಿ ಮೂರನೇ ತರಗತಿಯ ಮಗನ ರಟ್ಟೆ ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದಳು. "ಇವ ಹೇಳಿದ ಮಾತು ಕೇಳಂಗಿಲ್ಲರಿ ಅಕ್ಕೋರೆ, ನೀವರೆ ಎರಡು ಬಡೀರಿ" ಅಂದಳು. "ಕೇಳಂಗಿಲ್ಲ ಅಂದ್ರ ಹ್ಯಾಂಗವ್ವಾ? ಕಿವಿ ಕೇಳಂಗಿಲ್ಲೋ, ಮಾತು ಕೇಳಂಗಿಲ್ಲೋ?" ಅಂತ ನಾನು ತಿರುಗಿ ಕೇಳಿದೆ. ಆಕೆ ಗಲಿಬಿಲಿಯಾದಳು. "ಕಿವಿಗೇನಾಗ್ಯದರಿ, ಟಿವಿ ಸಣ್ಣಗ ಹಚ್ಚಿದ್ರೂ ಕೇಳಸ್ತದ" ಅಂದಳು. ಹುಡುಗ ನಮ್ಮಿಬ್ಬರ ಮುಖ ನೋಡುತ್ತಿರಲಿಲ್ಲ. ಬಾಯಿ ನೋಡುತ್ತಿದ್ದ. ಯಾರು ಮಾತಾಡಿದರೆ ಅವರ ಬಾಯಿ.

ಆ ನೋಟ ನನಗೆ ಗೊತ್ತು. ಐದು ವರ್ಷದ ಹಿಂದೆ ಅದನ್ನು ನೋಡಿಯೂ ಅರ್ಥ ಮಾಡಿಕೊಳ್ಳದೆ ಒಂದು ಮಗುವಿನ ತಲೆಗೆ ಮೊಟಕಿದವಳು ನಾನು. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು, ಈ ಹುಡುಗ ಬಂದು ನಿಂತ ಮೇಲೆ ಇನ್ನು ಮುಂದೂಡಲು ಆಗಲಿಲ್ಲ.

ನಮ್ಮ ಭಾಷೆಯಲ್ಲಿ 'ಕೇಳು' ಅನ್ನುವ ಒಂದೇ ಪದ ಮೂರು ಕೆಲಸ ಮಾಡುತ್ತದೆ, ಗಮನಿಸಿದ್ದೀರಾ? ಸದ್ದು ಕೇಳುವುದೂ ಕೇಳುವುದೇ. ಪ್ರಶ್ನೆ ಕೇಳುವುದೂ ಕೇಳುವುದೇ. ದೊಡ್ಡವರು ಹೇಳಿದಂತೆ ನಡೆಯುವುದೂ ಕೇಳುವುದೇ. ಜೊತೆಗೆ ಕಿವಿಗೊಡು ಅನ್ನುತ್ತೇವೆ, ಕಿವಿಗೆ ಹಾಕಿಕೋ ಅನ್ನುತ್ತೇವೆ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ ಅನ್ನುತ್ತೇವೆ. ಇದರಲ್ಲೆಲ್ಲ ಕಿವಿ ಮಗುವಿನ ಕೈಯಲ್ಲಿರುವ ವಸ್ತು. ಬೇಕಾದರೆ ಕೊಡಬಹುದು, ಬೇಡವಾದರೆ ಇಟ್ಟುಕೊಳ್ಳಬಹುದು. ಹಾಗಾಗಿ ಮಗುವಿಗೆ ಮಾತು ಸರಿಯಾಗಿ ಸಿಗಲಿಲ್ಲ ಅಂದರೆ ಅದು ಕೊಡಲಿಲ್ಲ ಅಂತಲೇ ನಾವು ತಿಳಿಯುತ್ತೇವೆ. ತಪ್ಪು ನೇರವಾಗಿ ಮಗುವಿನ ಮನಸ್ಸಿಗೆ ಹೋಗಿ ಕೂರುತ್ತದೆ.

ಬಟ್ಟಲ, ಬಾಟಲ

ನನ್ನ ತಂಗಿ ಇರುವುದು ಕಲಬುರಗಿ ಪೇಟೆಯಲ್ಲಿ, ನಾನು ಶಹಾಬಾದ ಕಡೆ. ಆ ಬೇಸಿಗೆಯಲ್ಲಿ ಅವಳ ಮಗ ನಾಲ್ಕನೇ ತರಗತಿ ಮುಗಿಸಿ ರಜೆಗೆ ನಮ್ಮ ಮನೆಗೆ ಬಂದಿದ್ದ. ಓದುತ್ತಿದ್ದದ್ದು ಒಂದು ಖಾಸಗಿ ಶಾಲೆಯಲ್ಲಿ. ಪ್ರಗತಿ ಪತ್ರದಲ್ಲಿ ಕೆಂಪು ಶಾಯಿಯಲ್ಲಿ 'ಗಮನ ಕೊಡುವುದಿಲ್ಲ' ಅಂತ ಬರೆದಿದ್ದರು. ಮೂರು ವರ್ಷದಿಂದ ಅದೇ ಮಾತು, ಬರೆದವರು ಮಾತ್ರ ಬೇರೆ ಬೇರೆ. ತಂಗಿ ಅದನ್ನು ನನ್ನ ಕೈಗೆ ಕೊಟ್ಟು, "ಅಕ್ಕಾ, ನೀನೇ ಟೀಚರ್ ಇದ್ದಿ, ಒಂದು ತಿಂಗಳು ಇಟ್ಕೊಂಡು ಸುಧಾರಿಸು" ಅಂದು ಹೋಗಿದ್ದಳು.

ಒಂದು ಮಧ್ಯಾಹ್ನ. ಕೂಲರ್ ಗೊರ್ರ್ ಅಂತಿತ್ತು. ಒಳಗೆ ನಾನು ಮಿಕ್ಸಿಯಲ್ಲಿ ಶೇಂಗಾ ಹಿಂಡಿಗೆ ರುಬ್ಬುತ್ತಿದ್ದೆ. "ತಮ್ಮಾ, ಅಲ್ಲಿ ಬಟ್ಟಲ ಅದ, ತಗೊಂಡು ಬಾ" ಅಂದೆ. ಅವನು ನೀರಿನ ಬಾಟಲ ತಂದ. "ಬಾಟಲ ಅಲ್ಲೋ, ಬಟ್ಟಲ" ಅಂದೆ. ಹೋದ. ಬಹಳ ಹೊತ್ತು ಬರಲೇ ಇಲ್ಲ. ಆಮೇಲೆ ಬಾಗಿಲಲ್ಲಿ ಬರಿಗೈಯಲ್ಲಿ ಬಂದು ನಿಂತು ನನ್ನ ಬಾಯಿ ನೋಡತೊಡಗಿದ. ಹೊರಗೆ ಬಿಸಿಲು, ಒಳಗೆ ಬೆಂಕಿ ಮುಂದೆ ನಾನು, ಊಟಕ್ಕೆ ಬೀಗರು ಬರುವವರಿದ್ದರು. "ಕಿವ್ಯಾಗ ಹತ್ತಿ ಇಟ್ಕೊಂಡಿ ಏನು?" ಅಂತ ತಲೆಗೆ ಮೊಟಕಿದೆ. ಅವನು ಅಳಲಿಲ್ಲ. ಆಮೇಲೆ ಎಷ್ಟೋ ದಿನ ನನ್ನನ್ನು ಕೊರೆದದ್ದು ಮೊಟಕಿದ್ದಕ್ಕಿಂತ ಜಾಸ್ತಿ ಇನ್ನೊಂದು ಸಂಗತಿ. ಆ ಹುಡುಗ ಒಮ್ಮೆ ಕೂಡ "ಏನಂದಿ ದೊಡ್ಡವ್ವ?" ಅಂತ ಕೇಳಲಿಲ್ಲ. ಕೇಳಿದರೆ ಬೈಗುಳ ಬೀಳುತ್ತದೆ ಅಂತ ಒಂಬತ್ತು ವರ್ಷಕ್ಕೇ ಕಲಿತುಬಿಟ್ಟಿದ್ದ. ಊಹೆ ಮಾಡಿ ಏನೋ ಒಂದು ತರುವುದು, ತಪ್ಪಾದರೆ ಸುಮ್ನೆ ನಿಲ್ಲುವುದು. ಇಷ್ಟೇ ಅವನಿಗೆ ಉಳಿದಿದ್ದ ದಾರಿ.

ಅದೇ ರಾತ್ರಿ ಎಂದಿನಂತೆ ಮಾಳಿಗೆ ಮೇಲೆ ಹಾಸಿಕೊಂಡಿದ್ದೆವು. ಕರೆಂಟ್ ಹೋಗಿತ್ತು, ಊರೇ ಸುಮ್ಮನಿತ್ತು. ನಮ್ಮ ಅಪ್ಪ 1972ರ ಬರದ ಕತೆ ಹೇಳುತ್ತಿದ್ದರು. ಹುಡುಗ ಮುತ್ಯಾನ ಪಕ್ಕದಲ್ಲೇ ಮಲಗಿದ್ದ. ಬಾವಿ ಬತ್ತಿದ್ದು, ಎತ್ತು ಮಾರಿದ್ದು, ಮಾರಿದ ಎತ್ತು ಎರಡು ದಿನದ ಮೇಲೆ ಹಗ್ಗ ಹರಿದುಕೊಂಡು ತಾನೇ ಮನೆಗೆ ಬಂದು ನಿಂತದ್ದು. ಬೆಳಿಗ್ಗೆ ಅವನು ಫೋನಿನಲ್ಲಿ ತನ್ನ ಅವ್ವನಿಗೆ ಆ ಕತೆ ಹೇಳುತ್ತಿದ್ದುದನ್ನು ಕೇಳಿ ನಾನು ಕೈಯಲ್ಲಿದ್ದ ಹಿಟ್ಟು ಬಿಟ್ಟು ನಿಂತೆ. ಎರಡು ಎತ್ತಿನ ಹೆಸರು, ಮಾರಿದ ಬೆಲೆ, ಯಾವ ಸಂತೆ, ಅಪ್ಪ ಎಲ್ಲಿ ಸ್ವಲ್ಪ ತಡೆದು ಹೇಳಿದರು ಅನ್ನುವುದು ಕೂಡ ಇತ್ತು. ಒಂದೂ ಬಿಟ್ಟಿರಲಿಲ್ಲ. ಗಮನ ಇಲ್ಲದ ಹುಡುಗ, ನೆನಪಿಲ್ಲದ ಹುಡುಗ ಅಂತ ನಾವು ಕರೆಯುತ್ತಿದ್ದದ್ದು ಇವನನ್ನೇ. ಮಾಳಿಗೆ ಮೇಲೆ ಅವನ ಕಿವಿ ಬೇರೆ, ಕೆಳಗಿನ ಮನೆಯಲ್ಲಿ ಬೇರೆ. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಆದರೆ ಏನೋ ಇದೆ ಅಂತ ಮಾತ್ರ ಅನ್ನಿಸಿತು.

'ಎಲ್ಲ ನಾರ್ಮಲ್'

ಮೊದಲು ಕಲಬುರಗಿಯಲ್ಲೇ ಕಿವಿ ಪರೀಕ್ಷೆ ಮಾಡಿಸಿದೆವು. ಸದ್ದು ಒಳಗೆ ಬಾರದ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್. ಟೀಂ ಅಂತ ಕೇಳಿದರೆ ಕೈ ಎತ್ತಬೇಕು. 250 ಹರ್ಟ್ಜ್‌ನ ದಪ್ಪ ಸದ್ದಿನಿಂದ 8000 ಹರ್ಟ್ಜ್‌ನ ತೆಳು ಸದ್ದಿನವರೆಗೆ ಎಲ್ಲಕ್ಕೂ ಅವನು ಕೈ ಎತ್ತಿದ. 15 ಡೆಸಿಬೆಲ್‌ನಷ್ಟು ಮೆಲ್ಲಗಿನದಕ್ಕೂ ಎತ್ತಿದ. 'ಎಲ್ಲ ನಾರ್ಮಲ್' ಅಂದರು. ತಂಗಿಯ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ಅವಳ ಗಂಡ ಮಾತ್ರ ಹೊರಗೆ ಬಂದು, "ನಾ ಹೇಳಿರ್ಲಿಲ್ಲೇನು? ಎಲ್ಲಾ ನಾಟಕ" ಅಂದ. ಆ ಒಂದು ಕಾಗದದಿಂದ ಹುಡುಗನ ಪಾಡು ಇನ್ನೂ ಕೆಟ್ಟಿತು. ಮೊದಲು ಸಂಶಯವಾದರೂ ಇತ್ತು, ಈಗ ಅವನು ಬೇಕಂತಲೇ ಮಾಡುತ್ತಾನೆ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು.

ಪರೀಕ್ಷೆ ಮಾಡಿದ ಹುಡುಗಿ ನಮ್ಮನ್ನು ಹಾಗೆ ಬಿಡಲಿಲ್ಲ. ಪುಣ್ಯ. ಆಕೆ ಹೇಳಿದ್ದು ಇಷ್ಟು: ಈ ಪರೀಕ್ಷೆಯಿಂದ ಸದ್ದು ಒಳಗೆ ಹೋಗುತ್ತದೋ ಇಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ, ಒಳಗೆ ಹೋದ ಸದ್ದನ್ನು ಮೆದುಳು ಹೇಗೆ ಬಿಡಿಸಿಕೊಳ್ಳುತ್ತದೆ ಅನ್ನುವುದಕ್ಕೆ ಬೇರೆ ಪರೀಕ್ಷೆ ಇವೆ. ಮೈಸೂರಿಗೆ ಹೋಗಿ ಅಂದಳು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವುದೆಂದರೆ ರೈಲಿನಲ್ಲಿ ಒಂದು ರಾತ್ರಿ ಕಳೆದರೂ ದಾರಿ ಮುಗಿಯುವುದಿಲ್ಲ. ತಂಗಿ, ನಾನು, ಹುಡುಗ ಮೂವರೇ ಹೋದೆವು.

ಅಲ್ಲಿ ನಾನು ಗಾಜಿನ ಈಚೆ ಕೂತು ನೋಡಿದ್ದನ್ನು ಮರೆಯಲು ಸಾಧ್ಯವಿಲ್ಲ. ಮೊದಲು ಶಾಂತವಾಗಿದ್ದಾಗ ಕನ್ನಡದ ಪದ ಕೇಳಿಸಿದರು. ಒಂದೆರಡು ಬಿಟ್ಟು ಎಲ್ಲ ಸರಿ ಹೇಳಿದ. ಆಮೇಲೆ ಅದೇ ಬಗೆಯ ಪದಗಳ ಜೊತೆ ಗದ್ದಲ ಸೇರಿಸಿದರು. ಗದ್ದಲ ಇದ್ದರೂ ನನಗೆ ಆ ಪದಗಳು ಸ್ಪಷ್ಟವಾಗಿಯೇ ಕೇಳುತ್ತಿದ್ದವು. ಅವನು ಅರ್ಧಕ್ಕರ್ಧ ತಪ್ಪಿದ. ಇನ್ನೊಂದರಲ್ಲಿ ಎರಡು ಕಿವಿಗೂ ಒಂದೇ ಸಲಕ್ಕೆ ಬೇರೆ ಬೇರೆ ಅಕ್ಷರ ಕೇಳಿಸುತ್ತಾರೆ, ಎರಡನ್ನೂ ಹೇಳಬೇಕು. ಇಂಥ ಪರೀಕ್ಷೆಯನ್ನು ಡೊನಾಲ್ಡ್ ಬ್ರಾಡ್‌ಬೆಂಟ್ ಎಂಬ ಬ್ರಿಟಿಷ್ ಮನೋವಿಜ್ಞಾನಿ 1954ರಲ್ಲೇ ಮಾಡಿದ್ದರು. 1961ರಲ್ಲಿ ಡೋರೀನ್ ಕಿಮುರಾ ಎಂಬಾಕೆ ಹೆಚ್ಚಿನ ಜನರ ಬಲಗಿವಿ ಮಾತಿನಲ್ಲಿ ಸ್ವಲ್ಪ ಮುಂದಿರುತ್ತದೆ ಅಂತ ತೋರಿಸಿದರು. ಬಲಗಿವಿಯದ್ದು ನೇರವಾಗಿ ಮೆದುಳಿನ ಎಡಭಾಗಕ್ಕೆ ಹೋಗುತ್ತದೆ, ಬಹಳ ಜನರಲ್ಲಿ ಮಾತಿನ ಮನೆ ಇರುವುದು ಅಲ್ಲೇ. ಎಡಗಿವಿಯದ್ದು ಮೊದಲು ಬಲಭಾಗಕ್ಕೆ ಹೋಗಿ, ನಡುವಿನ ಸೇತುವೆ ದಾಟಿ ಎಡಕ್ಕೆ ಬರಬೇಕು. ನಮ್ಮ ಹುಡುಗನ ಎಡಗಿವಿಯ ಅಕ್ಷರಗಳು ಆ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತಿದ್ದವು. ಓದು ಬರಹದ ಪರೀಕ್ಷೆಯನ್ನೂ ಮಾಡಿದರು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದರೂ ಓದು ಬರಹ ಕಷ್ಟವಾಗುವ ತೊಂದರೆ, ಇದೆ ಅಂದರು, ಬುದ್ಧಿ ವಯಸ್ಸಿಗೆ ತಕ್ಕಂತೆ ಇದೆ, ಸ್ವಲ್ಪ ಮೇಲೇ ಇದೆ ಅಂದರು.

ಮಾಳಿಗೆಯ ಒಗಟು ಆಗ ಬಿಡಿಸಿಕೊಂಡಿತು. ಮೇಲೆ ಗೋಡೆ ಇಲ್ಲ, ಸದ್ದು ಬಡಿದು ತಿರುಗಿ ಬರುವುದಿಲ್ಲ. ಕೂಲರ್ ಇಲ್ಲ. ಮಾತಾಡುವವರು ಒಬ್ಬರೇ, ಅದೂ ಕಿವಿಯ ಹತ್ತಿರ, ನಿಧಾನವಾಗಿ. ಆ ಮಗುವಿನ ಮೆದುಳಿಗೆ ಏನೇನು ಬೇಕಿತ್ತೋ ಅಷ್ಟೂ ಅಲ್ಲಿತ್ತು.

ಒಂದು ಒತ್ತಿನಷ್ಟು ಹೊತ್ತು

ಕನ್ನಡ ಟೀಚರ್ ಆಗಿ ನಾನು ಇಲ್ಲಿ ಸ್ವಲ್ಪ ನಿಲ್ಲಬೇಕು. ಕತೆ, ಕತ್ತೆ. ಬಳಿ, ಬಳ್ಳಿ. ಕಲು ಅಂದರೆ ಏನೂ ಇಲ್ಲ, ಕಲ್ಲು ಅಂದರೆ ಇದೆ. ಇವುಗಳ ನಡುವಿನ ಅಂತರ ಏನು? ಕತ್ತೆ ಅನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಒತ್ತಿ ನಿಲ್ಲುತ್ತದೆ, ಆ ಗಳಿಗೆ ಸದ್ದೇ ಇರುವುದಿಲ್ಲ. ಕತೆಯಲ್ಲೂ ಆ ಮೌನ ಇದೆ, ಕತ್ತೆಯಲ್ಲಿ ಸುಮಾರು ಎರಡು ಪಟ್ಟು ಉದ್ದ ಇದೆ. ಅಷ್ಟೇ. ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಜಾಸ್ತಿ ಮೌನ. ನಾವು ಮಕ್ಕಳಿಗೆ 'ಒತ್ತಕ್ಷರ ಬಿಡಬೇಡ' ಅನ್ನುತ್ತೇವೆ, ಆದರೆ ಅವರು ಹಿಡಿಯಬೇಕಾದದ್ದು ಅಕ್ಷರಕ್ಕಿಂತ ಮೊದಲು ಒಂದು ಅಳತೆಯನ್ನು. ಕಲ, ಕಾಲ ಕೂಡ ಹಾಗೆಯೇ, ಸ್ವರದ ಉದ್ದ. ಬಟ್ಟಲ, ಬಾಟಲ ಇನ್ನೂ ಕಷ್ಟ. ಒಂದರಲ್ಲಿ ವ್ಯಂಜನ ಉದ್ದ, ಇನ್ನೊಂದರಲ್ಲಿ ಸ್ವರ ಉದ್ದ, ಉಳಿದದ್ದೆಲ್ಲ ಒಂದೇ. ಕೂಲರಿನ ಗೊರ್ರ್ ಸದ್ದು ಆ ಸಣ್ಣ ಮೌನವನ್ನು ತುಂಬಿಬಿಟ್ಟರೆ ಹುಡುಗನಿಗೆ ಸಿಗುವುದು 'ಬ', 'ಟ', 'ಲ' ಮೂರೇ. ಉಳಿದದ್ದು ಅವನು ಊಹಿಸಬೇಕು. ಬಿಸಿಲಲ್ಲಿ ನೀರಿನ ಬಾಟಲ ಅಂತ ಊಹಿಸಿದ್ದು ಜಾಣತನವೇ ಅಲ್ವಾ?

ತ ಮತ್ತು ಟ, ದ ಮತ್ತು ಡ ಇನ್ನೊಂದು ಬಗೆ. ಇವುಗಳ ಗುರುತು ಹೆಚ್ಚಾಗಿ ಇರುವುದು ಅಕ್ಕಪಕ್ಕದ ಸ್ವರದ ಜೊತೆ ಕೂಡುವಾಗಿನ ಒಂದು ಸಣ್ಣ ತಿರುವಿನಲ್ಲಿ, ಕೆಲವೇ ಹತ್ತು ಮಿಲಿಸೆಕೆಂಡಿನ ಹೊತ್ತು. ಸ್ವರಗಳು ಗಟ್ಟಿ, ವ್ಯಂಜನಗಳು ಮೆಲ್ಲಗೆ. ಆದರೆ ಪದದ ಅರ್ಥ ಹೆಚ್ಚಾಗಿ ವ್ಯಂಜನದಲ್ಲಿದೆ. ಗದ್ದಲದಲ್ಲಿ ಮೊದಲು ಮುಳುಗುವುದು ಅವೇ.

ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲವಾದರೆ ನಮ್ಮ ಕಡೆಯ ಅರ್ಧ ಮಕ್ಕಳಿಗೆ ಹಣೆಪಟ್ಟಿ ಕಟ್ಟಿಬಿಡುತ್ತೇವೆ. ನಮ್ಮ ಮಾತಿನಲ್ಲಿ ಮಹಾಪ್ರಾಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಧನ ಅನ್ನುವುದನ್ನು ದನ ಅಂತ ಬರೆಯುವುದು ಕಿವಿಯ ತೊಂದರೆ ಅಲ್ಲ. ಮನೆಯಲ್ಲಿ ಉರ್ದು ಮಾತಾಡುವ ಮಗು ಳ ಬದಲು ಲ ಬರೆದರೆ, ಅದರ ಮನೆಮಾತಿನಲ್ಲಿ ಳ ಇಲ್ಲ ಅಷ್ಟೆ. ಲಂಬಾಣಿ ತಾಂಡಾದಿಂದ ಬರುವ ಮಗು ಒಂದನೇ ತರಗತಿಯಲ್ಲಿ ಕನ್ನಡವನ್ನೇ ಹೊಸದಾಗಿ ಕಲಿಯುತ್ತಿರುತ್ತದೆ. ಇದನ್ನೂ ಅದನ್ನೂ ಬೇರೆ ಮಾಡಿ ನೋಡಬೇಕು. ಇನ್ನೊಂದು, ಕನ್ನಡದ ಅಕ್ಷರ ಕಲಿಕೆಯೇ ನಿಧಾನದ್ದು. ಸೋನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಮಕ್ಕಳ ಓದಿನ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಕಾಗುಣಿತ, ಒತ್ತಕ್ಷರ ಎಲ್ಲ ಕೈಗೆ ಬರಲು ಮೂರು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಎರಡನೇ ತರಗತಿಯ ಮಗು ಒತ್ತು ತಪ್ಪಿದರೆ ಗಾಬರಿ ಬೇಡ. ಐದನೇ ತರಗತಿಯಲ್ಲೂ ಪ್ರತಿ ಸಾಲಿನಲ್ಲಿ ತಪ್ಪುತ್ತಿದ್ದರೆ, ನೋಡಿ ಬರೆದಾಗ ಸರಿ ಇದ್ದು ಕೇಳಿ ಬರೆದಾಗ ಮಾತ್ರ ತಪ್ಪುತ್ತಿದ್ದರೆ, ಆಗ ನಿಂತು ನೋಡಬೇಕು. ನಮ್ಮ ಹುಡುಗನ ಕಾಪಿ ಬರಹದ ನೋಟ್‌ಬುಕ್ ಮತ್ತು ಉಕ್ತಲೇಖನದ ನೋಟ್‌ಬುಕ್ ಪಕ್ಕಪಕ್ಕ ಇಟ್ಟಿದ್ದರೆ ಸಾಕಿತ್ತು. ಮೂರು ವರ್ಷ ಯಾರೂ ಇಡಲಿಲ್ಲ. ನಾನೂ ಇಡಲಿಲ್ಲ.

ಕಿವಿಯೋ, ಗಮನವೋ

ಊರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಗೊತ್ತಾದದ್ದು, ಇದರಲ್ಲಿ ತಿಳಿದವರಲ್ಲೇ ಒಮ್ಮತ ಇಲ್ಲ ಅಂತ. 1980ರಲ್ಲಿ ಪೌಲಾ ಟಲಾಲ್ ಎಂಬ ಅಮೆರಿಕದ ಸಂಶೋಧಕಿ, ಓದಲು ಕಷ್ಟಪಡುವ ಕೆಲವು ಮಕ್ಕಳಿಗೆ ಬೇಗ ಬೇಗ ಬದಲಾಗುವ ಸದ್ದುಗಳನ್ನು ಹಿಡಿಯುವುದೇ ಕಷ್ಟ ಅಂದರು. ಉಷಾ ಗೋಸ್ವಾಮಿ ಎಂಬ ಇನ್ನೊಬ್ಬ ಸಂಶೋಧಕಿ ಬೇರೆ ಹೇಳುತ್ತಾರೆ. ತೊಂದರೆ ಇರುವುದು ಮಾತಿನ ಲಯದಲ್ಲಿ, ಒಂದೊಂದು ಅಕ್ಷರ ಉಚ್ಚರಿಸುವಾಗ ದನಿ ಮೇಲೇಳುವ ಗತಿಯನ್ನು ಮೆದುಳು ಹಿಡಿಯುವುದರಲ್ಲಿ ಅಂತ. ಸಂಶೋಧಕ ಡೇವಿಡ್ ಮೂರ್ ಮತ್ತು ಜೊತೆಗಾರರು 2010ರಲ್ಲಿ ಬ್ರಿಟನ್ನಿನ 6ರಿಂದ 11 ವರ್ಷದ ಸುಮಾರು 1,500 ಮಕ್ಕಳನ್ನು ಪರೀಕ್ಷಿಸಿ ಇನ್ನೊಂದೇ ಹೇಳಿದರು. ಕೇಳುವುದರಲ್ಲಿ ಎಡವುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಸದ್ದಿನ ತೊಂದರೆಗಿಂತ ಗಮನದ, ನೆನಪಿನ ಏರುಪೇರು ಅಂತ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾದರೆ ಆ ಕೆಂಪು ಶಾಯಿಯವರು ಹೇಳಿದ್ದೇ ಸರಿಯೇ? ಗಮನ ಕೊಡುವುದಿಲ್ಲ? ಆಮೇಲೆ ಯೋಚಿಸಿದಾಗ ಹಾಗಲ್ಲ ಅನ್ನಿಸಿತು. ಗಮನವೂ ಮೆದುಳಿನ ಕೆಲಸವೇ, ಅದಕ್ಕೂ ಶಕ್ತಿ ಖರ್ಚಾಗುತ್ತದೆ. ಗದ್ದಲದಲ್ಲಿ ಒಂದೊಂದು ಪದವನ್ನೂ ಬಿಡಿಸಿಕೊಳ್ಳಲು ಅರ್ಧ ಶಕ್ತಿ ಹೋದ ಮೇಲೆ ಹೇಳಿದ್ದನ್ನು ನೆನಪಿಟ್ಟುಕೊಳ್ಳಲು ಉಳಿಯುವುದೆಷ್ಟು? ಈಗಷ್ಟೇ ಕೇಳಿದ ಮಾತು ಮೆದುಳಿನ ತಾತ್ಕಾಲಿಕ ನೆನಪಿನಲ್ಲಿ ನಿಲ್ಲುವುದೇ ಒಂದೆರಡು ಸೆಕೆಂಡು, ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡರೆ ಮಾತ್ರ ಉಳಿಯುತ್ತದೆ. ತಂಗಿ ಅವನನ್ನು ಕಿರಾಣಿ ಅಂಗಡಿಗೆ ಕಳಿಸುತ್ತಿದ್ದಳು: ಅರ್ಧ ಕಿಲೋ ಸಕ್ಕರೆ, ಪಾವ್ ಕಿಲೋ ಪುಠಾಣಿ, ಒಂದು ಸಾಬೂನು. ಅವನು ಸಾಬೂನು ಮಾತ್ರ ತರುತ್ತಿದ್ದ. ಮೊದಲ ಪದವನ್ನು ಬಿಡಿಸುತ್ತಿರುವಾಗಲೇ ಎರಡನೆಯದು ಬಂದು ಅದನ್ನು ತಳ್ಳುತ್ತದೆ, ಮೂರನೆಯದು ಎರಡನ್ನೂ. ಶಾಲೆಯಲ್ಲಿ ನಾವು ಹೇಳುವುದೂ ಹಾಗೆಯೇ: "ಪುಸ್ತಕ ತೆಗೀರಿ, 42ನೇ ಪುಟ, ಎರಡನೇ ಪ್ಯಾರಾ, ಕೆಳಗಿನ ನಾಲ್ಕನೇ ಪ್ರಶ್ನೆ." ಒಂದೇ ಉಸಿರಿನಲ್ಲಿ. ಅದೂ ಬೋರ್ಡಿನ ಕಡೆ ತಿರುಗಿ.

ಕಂಪ್ಯೂಟರ್ ಆಟ ಆಡಿಸಿದರೆ ಇದೆಲ್ಲ ಸರಿಹೋಗುತ್ತದೆ ಅಂತ ಒಬ್ಬರು ತಂಗಿಯಿಂದ ಸಾಕಷ್ಟು ದುಡ್ಡು ತೆಗೆದುಕೊಂಡರು. ಸದ್ದುಗಳನ್ನು ಎಳೆದು ನಿಧಾನ ಮಾಡಿ ಕೇಳಿಸುವ ಇಂಥ ಆಟಗಳು 1996ರಿಂದಲೇ ಇವೆ. ಅಂಥ ಒಂದು ಹೆಸರಾಂತ ಆಟದ ಅಧ್ಯಯನಗಳನ್ನು ಆಮೇಲೆ ಒಟ್ಟಿಗೆ ಇಟ್ಟು ನೋಡಿದವರಿಗೆ ಮಕ್ಕಳ ಓದು ಸುಧಾರಿಸಿದ್ದು ಕಾಣಲಿಲ್ಲ. ನಮಗೂ ಕಾಣಲಿಲ್ಲ. ನಮ್ಮ ಹುಡುಗನಿಗೆ ಉಪಯೋಗವಾದದ್ದು ದಿನಾ ಅರ್ಧ ಗಂಟೆ, ಫ್ಯಾನ್ ನಿಲ್ಲಿಸಿ, ಎದುರು ಕೂತು, ಅಕ್ಷರ ಮತ್ತು ಸದ್ದನ್ನು ಜೋಡಿ ಮಾಡಿ ಕಲಿಸಿದ್ದು. ಒತ್ತು ಬಂದಲ್ಲಿ ಮೇಜಿನ ಮೇಲೆ ಬೆರಳು ಒತ್ತಿ ಹಿಡಿಯುವುದು, ದೀರ್ಘ ಬಂದಲ್ಲಿ ಬೆರಳು ಎಳೆಯುವುದು. ಕಿವಿಗೆ ಸಿಗದ ಅಳತೆ ಬೆರಳಿಗೆ ಸಿಕ್ಕಿತು.

ಪರಸಿ ಕಲ್ಲು ಮತ್ತು ಕೌದಿ

ಮೈಸೂರಿನಿಂದ ಬಂದು ಜೂನ್‌ನಲ್ಲಿ ನನ್ನ ತರಗತಿಗೆ ಕಾಲಿಟ್ಟಾಗ ಮೊದಲ ಸಲ ಆ ಕೋಣೆಯ ಸದ್ದು ಕೇಳಿದೆ. ಅಷ್ಟು ವರ್ಷ ಅಲ್ಲೇ ಪಾಠ ಮಾಡಿದ್ದೆ, ಕೇಳಿರಲಿಲ್ಲ. ಕೆಳಗೆ ಶಹಾಬಾದಿ ಪರಸಿ, ಮೇಲೆ ತಗಡಿನ ಪತ್ರಾ, ಸುತ್ತ ಗಿಲಾಯಿ ಗೋಡೆ. ನಮ್ಮ ನೆಲದ ಕಲ್ಲು ನಮಗೆ ಹೆಮ್ಮೆ, ಬೇಸಿಗೆಯಲ್ಲಿ ಅದರ ಮೇಲೆ ಮಲಗಿದರೆ ಸುಖ. ಆದರೆ ಕಲ್ಲು ಸದ್ದನ್ನು ಕುಡಿಯುವುದಿಲ್ಲ. ತಗಡೂ ಕುಡಿಯುವುದಿಲ್ಲ. ಒಂದು ಮಾತು ಹತ್ತು ಸಲ ಬಡಿದು ತಿರುಗಿ ಬಂದು, ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚುತ್ತದೆ. ಮಳೆ ಬಂದರಂತೂ ಪಾಠವೇ ಇಲ್ಲ. ಟೀಚರ ದನಿ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕು ಅನ್ನುತ್ತಾರೆ ತಿಳಿದವರು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಸಾಲಿನ ಮಗುವಿಗೆ ತಲುಪುವಾಗ ನನ್ನ ದನಿಯಲ್ಲಿ ಉಳಿಯುವುದು ಸ್ವರಗಳ ಗುಂಯ್‌ಗುಡುವಿಕೆ. ಹಿಂದೆ ಕೂರಿಸುವುದು ಯಾರನ್ನು? 'ಮಾತು ಕೇಳದ' ಮಕ್ಕಳನ್ನೇ.

ಕಟ್ಟಡ ಬದಲಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಅವ್ವ ಹೊಲೆದ ಹಳೆಯ ಕೌದಿ ಎರಡು ಮನೆಯ ಟ್ರಂಕಿನಲ್ಲಿದ್ದವು. ತಂದು ಹಿಂದಿನ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟೆ. ಮಕ್ಕಳ ಅವ್ವಂದಿರು ಇನ್ನೂ ಮೂರು ಕೊಟ್ಟರು. ನೆಲಕ್ಕೆ ಜಮಖಾನಿ ಹಾಸಿದೆ. ಕೋಣೆಯ ಗುಂಯ್ ತಗ್ಗಿತು, ನನ್ನ ಗಂಟಲಿಗೂ ಆರಾಮ ಆಯಿತು. ಮುಖ ಮಕ್ಕಳ ಕಡೆ ಇದ್ದಾಗ ಮಾತ್ರ ಮಾತಾಡುವುದು, ಬೋರ್ಡಿನ ಕಡೆ ತಿರುಗಿದಾಗ ಸುಮ್ಮನಿರುವುದು. ಒಂದು ಸಲಕ್ಕೆ ಒಂದೇ ಸೂಚನೆ. ಮಾರ್ಚಿನಲ್ಲಿ ಫ್ಯಾನ್ ನಿಲ್ಲಿಸಲು ಆಗುವುದಿಲ್ಲ, ಮಕ್ಕಳು ಬೇಯುತ್ತಾರೆ. ಆಗ ಕಷ್ಟದ ಪದಗಳನ್ನು ಬೆಳಗಿನ ತಂಪಿನಲ್ಲೇ ಮುಗಿಸುತ್ತೇನೆ. ಮೈಸೂರಿನ ಸಂಸ್ಥೆಯವರು ಟೀಚರುಗಳಿಗಾಗಿಯೇ 12 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಪದೇ ಪದೇ 'ಆಂ?' ಅನ್ನುತ್ತದೆಯೇ, ಗದ್ದಲದಲ್ಲಿ ತಡಬಡಿಸುತ್ತದೆಯೇ, ಹೇಳಿದ್ದರ ಕ್ರಮ ತಪ್ಪುತ್ತದೆಯೇ ಎನ್ನುವಂಥವು. ಅರ್ಧಕ್ಕೆ ಹೌದು ಬಂದರೆ ಪರೀಕ್ಷೆಗೆ ಕಳಿಸಬೇಕು. ಈಗ ಪ್ರತಿ ಜುಲೈನಲ್ಲಿ ಅದನ್ನು ಮಾಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಸಮಯ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಮಕ್ಕಳು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ತೊಗರಿ ರಾಶಿಗೋ ಕಲ್ಲಿನ ಖಣಿಗೋ ಹೋದರೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆಯ ಆ ತಾಯಿಗೆ ಬಡಿಯಬೇಡವ್ವಾ ಅಂತ ಹೇಳಿ, ಮಗನನ್ನು ಮೊದಲ ಸಾಲಿಗೆ ಕರೆದುಕೊಂಡೆ. ಅವನ ಎರಡು ನೋಟ್‌ಬುಕ್ ನನ್ನ ಚೀಲದಲ್ಲಿವೆ, ಇವತ್ತು ರಾತ್ರಿ ಪಕ್ಕಪಕ್ಕ ಇಟ್ಟು ನೋಡಬೇಕು.

ತಂಗಿಯ ಮಗ ಈ ವರ್ಷ ಹತ್ತನೇ ತರಗತಿ. ಫೋನ್ ಅವನಿಗೆ ಈಗಲೂ ಕಷ್ಟ, ಬಾಯಿ ಕಾಣುವುದಿಲ್ಲವಲ್ಲ. ಕಳೆದ ವಾರ ನಾನು ಫೋನ್ ಮಾಡಿ, ಮುತ್ಯಾನ ಕಣ್ಣಿನ ಆಪರೇಷನ್ ಬಗ್ಗೆ ಹೇಳುತ್ತಿದ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ, "ದೊಡ್ಡವ್ವಾ, ನಿನ್ನ ಕೂಲರ್ ಬಂದ್ ಮಾಡು. ಏನಂದಿ ಗೊತ್ತಾಗ್ಲಿಲ್ಲ, ಇನ್ನೊಮ್ಮೆ ಹೇಳು" ಅಂದ. ಎದ್ದು ಹೋಗಿ ಬಂದ್ ಮಾಡಿದೆ. ಮೊದಲಿನಿಂದ ಹೇಳಿದೆ.